ಹೇಳಬಾರದ ಸಂಖ್ಯೆಯನ್ನು ಹೇಳಿಸುವ ಯಂತ್ರಗಳು

ಗುಪ್ತಸಂಖ್ಯೆಯನ್ನು ಯಾರಿಗೂ ತಿಳಿಸಬೇಡಿ ಎಂಬ ಎಚ್ಚರಿಕೆ ಬ್ಯಾಂಕಿನಿಂದ ನಮ್ಮ ಮೊಬೈಲಿಗೆ ಆಗಾಗ ಬರುತ್ತಲೇ ಇರುತ್ತದೆ. ಕಣ್ಣು ಕಾಣದ ಗ್ರಾಹಕರು ಅದನ್ನು ಪಾಲಿಸಲು ಮಾತ್ರ ಬ್ಯಾಂಕಿನ ಸಾಧನಗಳೇ ಅವಕಾಶ ಕೊಡುವುದಿಲ್ಲ. ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರವನ್ನೇ ನೋಡಿ. ಗುಂಡಿಗಳಿದ್ದ ಹಳೆಯ ಯಂತ್ರದಲ್ಲಿ ನಡುವಿನ 5ರ ಮೇಲೆ ಸಣ್ಣದೊಂದು ಉಬ್ಬು ಗುರುತು ಇರುತ್ತಿತ್ತು. ಬೆರಳು ಅದನ್ನು ಮುಟ್ಟಿದರೆ ಸಾಕು. ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6 ಎಂದು ಉಳಿದ ಅಂಕೆಗಳು ತಾವಾಗಿ ಸಿಕ್ಕುತ್ತಿದ್ದವು. ಈಗ ಬರುತ್ತಿರುವ ಹಲವು ಯಂತ್ರಗಳ ಮುಖ ಬರೀ ನುಣುಪು ಗಾಜು. ಗ್ರಾಹಕರು ತಮ್ಮ ನಾಲ್ಕು ಅಂಕೆಗಳನ್ನು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು. ಹಿಂದೆ ನಿಂತವರೂ ಕೇಳಿಸಿಕೊಳ್ಳುತ್ತಾರೆ.

ಮೊಬೈಲಿನ ಕಥೆಯೂ ಬೇರೆಯಲ್ಲ. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಸೌಲಭ್ಯ ಆಂಡ್ರಾಯ್ಡ್ ಫೋನುಗಳಲ್ಲಿದೆ, ನಿಜ. ಆದರೆ ಇಂಥ ಧ್ವನಿಗಳು ಆರು ಅಂಕೆಗಳ ಓಟಿಪಿಯನ್ನು ಒಮ್ಮೊಮ್ಮೆ ‘ನಾಲ್ಕು ಲಕ್ಷದ ಎಪ್ಪತ್ತೆರಡು ಸಾವಿರದ’ ಎಂದು ಒಂದೇ ಸಂಖ್ಯೆಯಾಗಿ ಓದಿಬಿಡುತ್ತವೆ. ಅದನ್ನು ಬಿಡಿಸಿ, ನೆನಪಿಟ್ಟುಕೊಂಡು, ಬ್ಯಾಂಕಿನ ಆ್ಯಪಿಗೆ ಮರಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸೊಟ್ಟ ಅಕ್ಷರಗಳ ಕ್ಯಾಪ್ಚಾ ಎದುರಾದರಂತೂ, ಧ್ವನಿಯ ಪರ್ಯಾಯವಿಲ್ಲದ ಕಡೆ, ದಾರಿಯೇ ಮುಚ್ಚಿತು.

ಇದಕ್ಕೆ ನಮ್ಮ ಮನೆಗಳು ಕಂಡುಕೊಂಡ ಪರಿಹಾರ ಮಕ್ಕಳು. ಶಾಲೆ ಬಿಟ್ಟು ಬಂದ ಮೊಮ್ಮಗಳು ಅಜ್ಜನ ಪಿಂಚಣಿ ಖಾತೆಯ ಓಟಿಪಿಯನ್ನು ಓದುತ್ತಾಳೆ, ಪಿನ್ ಒತ್ತುತ್ತಾಳೆ. ಅವಳ ಪ್ರೀತಿಯನ್ನು ಶಂಕಿಸುವವರಾರು? ಆದರೂ ತಮ್ಮಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಕೊಟ್ಟೆವು ಎಂಬುದನ್ನು ಮಗುವಿನ ಮುಂದೆ ಬಿಚ್ಚಿಡಬೇಕಾದ ಕಟ್ಟುಪಾಡು ಕಣ್ಣಿದ್ದ ಹಿರಿಯರಿಗೆ ಇಲ್ಲ. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕರೇ ರಹಸ್ಯ ವಿವರಗಳನ್ನು ಹಂಚಿಕೊಂಡು ಹಣ ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಹಂಚಿಕೊಳ್ಳದೆ ಬಳಸಲಾಗದ ಯಂತ್ರವನ್ನು ಕೈಗೆ ಕೊಟ್ಟು, ಹಂಚಿಕೊಂಡದ್ದನ್ನು ಅಜಾಗರೂಕತೆ ಎಂದು ಕರೆಯುವುದು ಯಾವ ನ್ಯಾಯ?

ನಿಯಮಗಳಿಗೆ ಕೊರತೆಯಿಲ್ಲ. ದೃಷ್ಟಿಯಿಲ್ಲದವರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್ ಮುಂತಾದ ಸೌಲಭ್ಯಗಳನ್ನು ನಿರಾಕರಿಸಕೂಡದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸೂಚಿಸಿತು. 2014ರ ಜುಲೈ 1ರಿಂದ ಸ್ಥಾಪಿಸುವ ಎಟಿಎಂಗಳೆಲ್ಲ ಬ್ರೈಲ್ ಗುಂಡಿಗಳುಳ್ಳ, ಮಾತನಾಡುವ ಯಂತ್ರಗಳಾಗಿರಬೇಕೆಂದಿತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಅವರೂ ದೃಷ್ಟಿಹೀನ ವಕೀಲರಾದ ಅಮರ್ ಜೈನ್ ಅವರೂ ತಂದ ಮೊಕದ್ದಮೆಗಳಲ್ಲಿ, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಅದು ತೀರ್ಪಿತ್ತಿತು. ಖಾತೆ ತೆರೆಯಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತೋರಿಸಬೇಕೆಂಬ ಪದ್ಧತಿಗೆ ಪರ್ಯಾಯಗಳಿರಬೇಕೆಂದೂ ಹೇಳಿತು. ಮಾಡಲಾಗದ ಕೆಲಸವೇನೂ ಇದಲ್ಲ. ಬ್ರಿಟನ್ನಿನ ಕೆಲವು ಬ್ಯಾಂಕುಗಳು ಅಂಕೆಯನ್ನು ಗಟ್ಟಿಯಾಗಿ ಉಚ್ಚರಿಸುವ ಪುಟ್ಟ ಭದ್ರತಾ ಸಾಧನಗಳನ್ನು ಇಂಥ ಗ್ರಾಹಕರಿಗೆ ಕೊಟ್ಟಿವೆ.

ಗಡಿನಾಡಿನ ನಮಗೆ ಇನ್ನೊಂದು ಪ್ರಶ್ನೆಯೂ ಇದೆ: ಯಂತ್ರ ಮಾತನಾಡುವುದು ಯಾವ ನುಡಿಯಲ್ಲಿ? ಕಾಸರಗೋಡಿನಲ್ಲಿ ಕನ್ನಡ ಶಾಲೆಯಲ್ಲೇ ಓದಿ, ಮುಪ್ಪಿನಲ್ಲಿ ದೃಷ್ಟಿ ಕಳೆದುಕೊಂಡವರ ಕಿವಿಗೆ ಮಲಯಾಳವೋ ಇಂಗ್ಲಿಷೋ ಮಾತ್ರ ಬಿದ್ದರೆ, ಅವರಿಗೆ ಆ ಯಂತ್ರ ಮೌನವಾಗಿದ್ದಂತೆಯೇ. ಬ್ರೈಲಿನಲ್ಲಿ ಈ ತೊಡಕು ಕಡಿಮೆ. ಭಾರತಿ ಬ್ರೈಲಿನಲ್ಲಿ ಕನ್ನಡದ ‘ಕ’ಕಾರಕ್ಕೂ ಮಲಯಾಳದ ‘ಕ’ಕಾರಕ್ಕೂ ಚುಕ್ಕೆಗಳು ಒಂದೇ. ಆದರೆ ಇಳಿವಯಸ್ಸಿನಲ್ಲಿ ಕಣ್ಣು ಹೋದವರು ಬ್ರೈಲ್ ಕಲಿಯುವುದು ಅಪರೂಪ. ಅವರಿಗೆ ಕಿವಿಯೇ ದಾರಿ.

ಹಾಗಾಗಿ ನಿಮ್ಮೂರಿನ ಶಾಖೆಗೆ ಮುಂದಿನ ಬಾರಿ ಹೋಗುವಾಗ ಒಂದು ಇಯರ್‌ಫೋನ್ ಕೊಂಡುಹೋಗಿ. ಎಟಿಎಂನಲ್ಲಿ ಅದನ್ನು ಸಿಕ್ಕಿಸುವ ಕಿಂಡಿ ಇದೆಯೇ, ಧ್ವನಿ ಬರುತ್ತದೆಯೇ, ಕನ್ನಡವನ್ನು ಆರಿಸಲು ಬರುತ್ತದೆಯೇ ಎಂದು ಪರೀಕ್ಷಿಸಿ. ಇಲ್ಲವಾದರೆ ವ್ಯವಸ್ಥಾಪಕರಿಗೆ ಲಿಖಿತ ಅರ್ಜಿ ಕೊಟ್ಟು, ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಅರ್ಜಿಯನ್ನು ಬರೆಯುವ ಕೆಲಸವನ್ನು ಹೈಸ್ಕೂಲಿನ ಮಕ್ಕಳಿಗೆ ವಹಿಸಿ, ಅಜ್ಜ ಹೇಳುವುದನ್ನು ಅವರು ಬರೆದುಕೊಳ್ಳಲಿ.