ಮಗು 'ಬರುವುದಿಲ್ಲ' ಎಂದಾಗ ನ್ಯಾಯಾಲಯ ಏನನ್ನು ನೋಡಬೇಕು?

ಗಂಡ ಹೆಂಡತಿ ಬೇರೆಯಾದ ಮೇಲೆ ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಮಗುವಿನ ತಲೆ ಕೆಡಿಸಿ ನನ್ನ ಮೇಲೆ ಎತ್ತಿಕಟ್ಟಿದ್ದಾರೆ." ವಕೀಲರು ಇದನ್ನು 'ಪೇರೆಂಟಲ್ ಏಲಿಯನೇಷನ್' ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಇದಕ್ಕೆ 'ಸಿಂಡ್ರೋಮ್' ಎಂಬ ಹೆಸರು ಕೊಟ್ಟರು. ಆದರೆ ಅಲ್ಲಿನ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ರೋಗಗಳ ಪಟ್ಟಿಯಲ್ಲಿ ಅದು ಸೇರಲಿಲ್ಲ. ಹಿಂಸೆಯ ದೂರು ನೀಡಿದ ತಾಯಂದಿರ ವಿರುದ್ಧವೇ ಈ ವಾದ ಬಳಕೆಯಾಗುತ್ತಿದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್ಸಲೇಮ್ 2023ರಲ್ಲಿ ಎಚ್ಚರಿಸಿದರು.

ನಮ್ಮ ಸುಪ್ರೀಂ ಕೋರ್ಟು ಎರಡು ಸಂದರ್ಭಗಳಲ್ಲಿ ಎರಡು ಬಗೆಯಾಗಿ ಇದನ್ನು ನೋಡಿದೆ. 2017ರ ತೀರ್ಪಿನಲ್ಲಿ, ಎರಡು ವರ್ಷ ತುಂಬುವ ಮುನ್ನವೇ ತಾಯಿಯಿಂದ ಅಗಲಿ ತಂದೆಯ ಬಳಿ ಬೆಳೆದ ಹೆಣ್ಣುಮಗುವನ್ನು ಒಂದು ವರ್ಷ ತಾಯಿಯ ಜೊತೆಗಿಡಲು ಆದೇಶಿಸಿತು. ತಾಯಿಯ ಪ್ರೀತಿಯನ್ನು ಅನುಭವಿಸದ ಮಗು ತಂದೆಯೇ ಸಾಕು ಎನ್ನುವುದನ್ನು ಕೊನೆಯ ಮಾತಾಗಿ ಹಿಡಿಯಲಾಗದು ಎಂಬುದು ಅದರ ತಿರುಳು. 2024ರ ಮೇ ತಿಂಗಳ ತೀರ್ಪಿನಲ್ಲಿ ನ್ಯಾಯಾಲಯ ಇನ್ನೊಂದು ಎಚ್ಚರಿಕೆ ನೀಡಿತು: ಮಗುವನ್ನು ದೂರಮಾಡುವ ನಿರ್ದಿಷ್ಟ ನಡವಳಿಕೆಯನ್ನು ಗುರುತಿಸದೆ ತಂದೆಗಾಗಲಿ ತಾಯಿಗಾಗಲಿ ಆ ಹಣೆಪಟ್ಟಿ ಅಂಟಿಸಬಾರದು. ಆ ಮಕ್ಕಳು ತಂದೆಯ ಬಳಿಯೇ ಉಳಿದರು.

ನಮ್ಮ ರಾಜ್ಯದ ಹೈಕೋರ್ಟು 2013ರಲ್ಲಿ ಬೇರೊಂದು ದಾರಿ ಹಿಡಿದಿತ್ತು. ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಮಗ ಇರಲಿ ಎಂದು ತೀರ್ಪಿತ್ತಿತು. ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಗೆ ಕಾನೂನಿನಲ್ಲಿ ಸ್ಥಾನವಿರಲೆಂದು ಶಿಫಾರಸು ಮಾಡಿತು.

ಆದರೆ ಈ ಏರ್ಪಾಡು ಒಂದೇ ಊರಿನಲ್ಲಿರುವವರಿಗೆ ಸುಲಭ. ವಿಜಯನಗರ ಜಿಲ್ಲೆ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಂತಹ ಊರನ್ನು ನೆನೆಯೋಣ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಇಂಥ ನ್ಯಾಯಾಲಯವನ್ನು ಕಡ್ಡಾಯ ಮಾಡಿದ್ದು ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯಂತೆ, ಮಗು ಸಾಮಾನ್ಯವಾಗಿ ವಾಸವಿರುವ ಕಡೆಯೇ ಪಾಲನೆಯ ಅರ್ಜಿ ಹಾಕಬೇಕು. ಮಗು ತಾಯಿಯ ತವರು ಉಜ್ಜಿನಿಯಲ್ಲಿ ನೆಲೆಸಿದ್ದರೆ, ಮಂಗಳೂರಿನಲ್ಲಿ ದುಡಿಯುವ ತಂದೆ ಅಷ್ಟು ದೂರ ಅಲೆಯಬೇಕು. ಒಂದು ತಾರೀಖಿಗೆ ಎರಡು ದಿನದ ಕೂಲಿ ಹೋಗುತ್ತದೆ. ನಾಲ್ಕು ಭೇಟಿ ತಪ್ಪಿದರೆ ಮಗು ಅಪ್ಪನನ್ನು ಕಂಡು ಬಾಗಿಲ ಹಿಂದೆ ನಿಲ್ಲುತ್ತದೆ. ಅದನ್ನು ಅಮ್ಮ ಹೇಳಿಕೊಟ್ಟಿರಲೇಬೇಕೆಂದಿಲ್ಲ. ಹೇಳಿಕೊಟ್ಟಿರಲಾರಳು ಎಂದೂ ಅಲ್ಲ.

ಹೀಗಾಗಿ ನ್ಯಾಯಾಲಯ ಮೂರು ಸಂಗತಿಗಳನ್ನು ನೋಡಬೇಕೆಂದು ನಮಗೆ ತೋರುತ್ತದೆ. ಮೊದಲು, ಮಗುವಿನ ಭಯಕ್ಕೆ ಹೊಡೆತ, ಕುಡಿತದಂತಹ ನಿಜವಾದ ಕಾರಣವಿದೆಯೇ? ಎರಡು, ಫೋನು ತಡೆದದ್ದು, ಭೇಟಿ ತಪ್ಪಿಸಿದ್ದು ಇತ್ಯಾದಿ ಕೃತ್ಯಗಳಿಗೆ ಸಾಕ್ಷ್ಯವಿದೆಯೇ? ಮೂರು, ಮಗುವಿನ ಮಾತು ಅದರದ್ದೇ ಮಾತೇ? ಇದನ್ನು ಅರಿಯಲು ತಜ್ಞರ ನೆರವು ಪಡೆಯುವ ಅವಕಾಶ 1984ರ ಕಾಯಿದೆಯಲ್ಲೇ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು ವೇಳೆ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಗೆ 2001ರಲ್ಲಿ ತಂದ ತಿದ್ದುಪಡಿ, ವ್ಯಾಜ್ಯ ನಡೆಯುವಾಗ ಮಕ್ಕಳ ಜೀವನಾಂಶ ಮತ್ತು ಶಿಕ್ಷಣದ ಅರ್ಜಿಗಳು ಆದಷ್ಟು ಮಟ್ಟಿಗೆ 60 ದಿನಗಳಲ್ಲಿ ಇತ್ಯರ್ಥವಾಗಬೇಕೆನ್ನುತ್ತದೆ. ಸುರಕ್ಷಿತವಾದ ಭೇಟಿಗೂ ಅಷ್ಟೇ ತ್ವರೆ ಬೇಕು. ಅಂತಿಮ ತೀರ್ಪು ಬರುವಷ್ಟರಲ್ಲಿ ಬಾಲ್ಯವೇ ಮುಗಿದಿರಬಾರದು.

ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಮಗೂ ಇಲ್ಲಿ ಪಾಲಿದೆ. ಒಬ್ಬರ ಕಣ್ಣೀರನ್ನಷ್ಟೇ ನೋಡಿ ಇನ್ನೊಬ್ಬರ ವಿರುದ್ಧ ಪತ್ರ ಬರೆದುಕೊಡದಿರೋಣ. ಹೊಡೆತದ ಮಾತು ಬಂದಾಗ 'ಹೊಂದಿಕೊಂಡು ಹೋಗಮ್ಮ' ಎನ್ನದಿರೋಣ. ಮಗುವನ್ನು ಹತ್ತಿರ ಕರೆದು "ನಿನಗೆ ಯಾರು ಬೇಕು, ಅಪ್ಪನೋ ಅಮ್ಮನೋ?" ಎಂದು ಯಾರೂ ಕೇಳದಂತೆ ನೋಡಿಕೊಳ್ಳೋಣ. ಆ ಪ್ರಶ್ನೆಗೆ ಮಗು ಏನು ಉತ್ತರ ಕೊಟ್ಟರೂ ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳುತ್ತದೆ.