ಮೇಣದಬತ್ತಿ ಯಾರದ್ದು, ಕೆಲಸ ಯಾರದ್ದು?

ಸರ್ಕಾರಿ ಕಚೇರಿಯ ಕಂಪ್ಯೂಟರ್ ಅಂದ ಕೂಡಲೇ ನಮ್ಮ ಜನಕ್ಕೆ ಮೊದಲು ನೆನಪಾಗೋದು ಇಸ್ಪೀಟು. 'ಹೋದ್ರೆ ಸಾಲಿಟೇರ್ ಆಡ್ತಾ ಕೂತಿರ್ತಾರೆ, ಕೇಳಿದ್ರೆ ಸರ್ವರ್ ಡೌನ್ ಅಂತಾರೆ.' ಈಗ ಸಾಲಿಟೇರ್ ಜಾಗಕ್ಕೆ ರೀಲ್ಸ್ ಬಂದಿದೆ, ಅಷ್ಟೇ. ಯಾರಾದರೂ ವಿಡಿಯೊ ಮಾಡಿ ಹಾಕ್ತಾರೆ, ವೈರಲ್ ಆಗುತ್ತೆ, ಮೇಲಧಿಕಾರಿ ನೋಟಿಸ್ ಕೊಡ್ತಾರೆ, ಅಲ್ಲಿಗೆ ಮುಗೀತು. ನನ್ನ ತಕರಾರು ಬೇರೆ ಕಡೆ ಇದೆ. ರೀಲ್ಸ್ ನೋಡುವ ಗುಮಾಸ್ತರಿಂದ ನಿಮ್ಮ ಅರ್ಧ ಗಂಟೆ ಹೋಗಬಹುದು. ಮೇಜಿನ ಮೇಲೆ ಬಿಟ್ಟುಹೋದ ಡಿಜಿಟಲ್ ಸಹಿಯ ಡಾಂಗಲ್‌ನಿಂದ ನಿಮ್ಮ ಸೈಟೇ ಹೋಗಬಹುದು.

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪಂಚಾಯ್ತಿ ಕಚೇರಿಯಲ್ಲಿ (ಹೆಸರು ಬೇಡ, ಅದೊಂದರದ್ದೇ ಕಥೆ ಅಲ್ಲ) ನಾನು ನೋಡಿದ್ದು ಇದು. ಪಿಡಿಒ ತಾಲೂಕು ಪಂಚಾಯ್ತಿಯಲ್ಲಿ ಮೀಟಿಂಗಿಗೆ ಹೋಗಿದ್ದರು. ಅವರ ಡಾಂಗಲ್ ಡಾಟಾ ಎಂಟ್ರಿ ಆಪರೇಟರ್‌ನ ಸಿಪಿಯುಗೆ ಸಿಕ್ಕಿಸಿತ್ತು, ಪಾಸ್‌ವರ್ಡ್ ಮಾನಿಟರ್‌ನ ಅಂಚಿಗೆ ಅಂಟಿಸಿತ್ತು. ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಕ್ಕೆ ಬೆಲೆ ಬರೋದೇ ಪಿಡಿಒ ಅವರ ಡಿಜಿಟಲ್ ಸಹಿಯಿಂದ. ಆ ಸಹಿಯನ್ನು ಅವತ್ತು ಹಾಕ್ತಾ ಇದ್ದದ್ದು ಹೊರಗುತ್ತಿಗೆಯ ಹುಡುಗ. ಅವನು ಕಳ್ಳ ಅಲ್ಲ, ಒಳ್ಳೆಯವನೇ. ಎರಡು ಪಂಚಾಯ್ತಿಯ ಪ್ರಭಾರ ಹೊತ್ತ ಅಧಿಕಾರಿ ಡಾಂಗಲ್ ಜೇಬಲ್ಲಿಟ್ಟುಕೊಂಡು ಹೋಗಿದ್ದರೆ ಹೊರಗೆ ಕಾಯ್ತಿದ್ದ ಹತ್ತು ಜನ ವಾಪಸ್ ಹೋಗಬೇಕಿತ್ತು. ಅಲ್ಲಿ ಎಲ್ಲರ ದೃಷ್ಟಿಯಲ್ಲೂ ಅದು ಜನಸೇವೆ.

ಕಾನೂನಿನ ದೃಷ್ಟಿ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 42ರ ಪ್ರಕಾರ ಡಿಜಿಟಲ್ ಸಹಿಯ ಖಾಸಗಿ ಕೀಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳೋದು ಅದರ ಮಾಲೀಕರ ಹೊಣೆ. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಎಲೆಕ್ಟ್ರಾನಿಕ್ ಸಹಿಯನ್ನು ವಂಚನೆಗೆ ಬಳಸಿದರೆ 66ಸಿ ಅಡಿ 3 ವರ್ಷದವರೆಗೆ ಜೈಲು. ನಾಳೆ ನಿಮ್ಮ ಖಾತೆಯಲ್ಲಿ ಇನ್ಯಾರದೋ ಹೆಸರು ಕೂತರೆ ಲಾಗ್ ತೋರಿಸೋದು ಪಿಡಿಒ ಹೆಸರನ್ನ. ಅವರು 'ನಾನವತ್ತು ಮೀಟಿಂಗಲ್ಲಿದ್ದೆ' ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ನೀವು ಕೋರ್ಟಿಗೆ ಅಲೀತೀರಿ.

ಇದು ಕರ್ನಾಟಕಕ್ಕೆ ಹೊಸ ಪಾಠವೂ ಅಲ್ಲ. 2000-01ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ ನೌಕರರ ಲಾಗಿನ್‌ಗೆ ಬೆರಳಚ್ಚು ಕಡ್ಡಾಯ ಮಾಡಿದ್ದು ಇದಕ್ಕೇ. ಪಾಸ್‌ವರ್ಡ್ ಕೈ ಬದಲಾಗುತ್ತೆ, ಹೆಬ್ಬೆರಳು ಬದಲಾಗಲ್ಲ ಅನ್ನೋ ಲೆಕ್ಕ. ಕಾಲು ಶತಮಾನದ ಹಿಂದೆ ಇಷ್ಟು ಯೋಚನೆ ಮಾಡಿದ್ದ ರಾಜ್ಯ ಈಗ ಡಾಂಗಲ್ ಯಾರ ಕೈಯಲ್ಲಿದೆ ಅಂತ ಕೇಳೋದೇ ಬಿಟ್ಟಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಇ-ಹರಾಜಲ್ಲಿ ಬಿಡ್ ಕೂಗುವ ರೀಲರ್ ತನ್ನ ಲಾಗಿನ್ನನ್ನ ಪಕ್ಕದವನಿಗೆ ಕೊಟ್ಟು ಟೀ ಕುಡಿಯೋಕೆ ಹೋಗ್ತಾನಾ? ಅಲ್ಲಿ ದುಡ್ಡು ಅವನದ್ದು. ಇಲ್ಲಿ ಹೋಗೋ ಜಮೀನು ನಿಮ್ಮದು.

ಇಷ್ಟರಲ್ಲೇ ನೌಕರರನ್ನು ಬೈದು ಮುಗಿಸಿದರೆ ಅನ್ಯಾಯ ಆಗುತ್ತೆ. 'ಕಚೇರಿ ಕಂಪ್ಯೂಟರನ್ನು ಸ್ವಂತಕ್ಕೆ ಬಳಸಬೇಡಿ' ಅನ್ನೋ ನಿಯಮಕ್ಕೆ ಕಚೇರಿಯೇ ಕೊಟ್ಟ ಕಂಪ್ಯೂಟರ್ ಅಂತ ಒಂದು ಮೊದಲು ಇರಬೇಕಲ್ವಾ? 2024ರ ಸೆಪ್ಟೆಂಬರ್ 26ರಿಂದ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು (ನಮ್ಮ ಹಳೇ ಗ್ರಾಮಲೆಕ್ಕಿಗರು) ಆಪ್‌ಗಳಲ್ಲಿ ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತರು. 2025ರ ಫೆಬ್ರುವರಿ 10ರಿಂದ ಮತ್ತೊಮ್ಮೆ ಕೂತರು. ಪಹಣಿಗೆ ಆಧಾರ್ ಜೋಡಣೆ, ಲ್ಯಾಂಡ್ ಬೀಟ್, ಬಗರ್ ಹುಕುಂ ಹೀಗೆ ಒಂದು ಡಜನ್‌ಗೂ ಹೆಚ್ಚು ಆಪ್‌ಗಳ ಕೆಲಸ ಅವರ ತಲೆ ಮೇಲಿತ್ತು. ಅವರು ಕೇಳಿದ್ದು ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್, ಪ್ರಿಂಟರ್, ಕೂರೋಕೆ ಒಂದು ಕಚೇರಿ. ಆಮೇಲೆ ಲ್ಯಾಪ್‌ಟಾಪ್ ಕೊಡೋದು ಶುರುವಾಯ್ತು. ಆದರೆ ಅಲ್ಲಿಯವರೆಗೆ ನಿಮ್ಮ ತಾತನ ಪಹಣಿಗೆ ಆಧಾರ್ ಜೋಡಿಸಿದ್ದು, ಹೆಚ್ಚಿನ ಕಡೆ, ಆ ನೌಕರರೇ ಸ್ವಂತ ದುಡ್ಡಲ್ಲಿ ಕೊಂಡ ಫೋನಿನಲ್ಲಿ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮೇಣದಬತ್ತಿ ಕಥೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಓದಿಗೆ ಸ್ವಂತ ಬತ್ತಿ. ಸೆಪ್ಟೆಂಬರ್ 15ರಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಹೇಳದ ಅತಿಥಿ ಇಲ್ಲ. ನಾಲ್ಕು ವರ್ಷ ನಾಲ್ಕು ಸಲ ಕೇಳಿದವನು ನಾನು. ಅದೇ ಜಿಲ್ಲೆಯಲ್ಲಿ ಈಗ ಕಥೆ ತಲೆಕೆಳಗಾಗಿದೆ. ನೌಕರ ಸ್ವಂತ ಬತ್ತಿ ಹಚ್ಚಿ ಸರ್ಕಾರದ ಕೆಲಸ ಮಾಡ್ತಿದ್ದಾನೆ, ಬತ್ತಿ ಸವೆದದ್ದಕ್ಕೆ ಲೆಕ್ಕ ಕೇಳುವವರಿಲ್ಲ.

ಇದರಲ್ಲಿ ನಷ್ಟ ನೌಕರನಿಗಷ್ಟೇ ಅಲ್ಲ. ಗೌರಿಬಿದನೂರಿನ ರೈತನ ಆಧಾರ್ ಪ್ರತಿ, ಚಿಂತಾಮಣಿಯ ವಿಧವಾ ಪಿಂಚಣಿ ಅರ್ಜಿದಾರರ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅದು ಮದುವೆ ಫೋಟೊಗಳ ಜೊತೆ ಗ್ಯಾಲರಿಯಲ್ಲಿ ಕೂರುತ್ತೆ. ವರ್ಗಾವಣೆ ಆದ್ರೆ ಫೋನ್ ಜೊತೆ ಹೋಗುತ್ತೆ, ಫೋನ್ ಮಾರಿದ್ರೆ ಇನ್ನೆಲ್ಲಿಗೋ. ಸಾಹೇಬರು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ನೋಡಿ, 'ಕಡತದಲ್ಲಿ ಲಭ್ಯವಿಲ್ಲ' ಅನ್ನೋ ಉತ್ತರ ಸಿಗೋ ಸಾಧ್ಯತೆಯೇ ಜಾಸ್ತಿ. ಕೇಂದ್ರದ 2014ರ ಇಮೇಲ್ ನೀತಿ ಎನ್‌ಐಸಿ ಇಮೇಲ್ ಬಳಸುವ ರಾಜ್ಯ ನೌಕರರಿಗೂ ಅನ್ವಯಿಸುತ್ತಿತ್ತು. ಪಾಸ್‌ವರ್ಡ್ ಹಂಚಿಕೊಳ್ಳಬಾರದು ಅಂತಲೂ ಹೇಳಿತ್ತು. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಚೇರಿ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಅಂದಿತು. ದೆಹಲಿಯ ಚಿಂತೆ ಚಾಟ್‌ಜಿಪಿಟಿ. ನಮ್ಮ ಪಂಚಾಯ್ತಿಯ ಚಿಂತೆ ಮಾನಿಟರ್‌ಗೆ ಅಂಟಿಸಿದ ಆ ಚೀಟಿ.

ಕ್ರಮ ಸರಳವಾದದ್ದೇ. ಆಪರೇಟರ್‌ಗೆ ಅವನದ್ದೇ ಲಾಗಿನ್ ಕೊಡಿ, ಎಂಟ್ರಿಗೆ ಮಾತ್ರ. ಎರಡು ಪಂಚಾಯ್ತಿಗೆ ಒಬ್ಬ ಪಿಡಿಒ ಇಟ್ಟು ಡಾಂಗಲ್ ಹಂಚಬೇಡಿ ಅನ್ನೋದು ಬೂಟಾಟಿಕೆ, ಮೊದಲು ಹುದ್ದೆ ತುಂಬಿ. ನನ್ನ ದಾಖಲೆಯನ್ನು ಯಾರು, ಯಾವತ್ತು ತೆರೆದರು ಅಂತ ನನಗೇ ಕಾಣಲಿ. ಬ್ಯಾಂಕ್ ಎಸ್ಸೆಮ್ಮೆಸ್ ಕಳಿಸಲ್ವಾ, ಹಾಗೆ. ಇಷ್ಟು ಮಾಡಿದ ಮೇಲೆ ಡಾಂಗಲ್ ಬಿಟ್ಟುಹೋದವರನ್ನು ಅಮಾನತು ಮಾಡಿ, ನಾನೇ ಚಪ್ಪಾಳೆ ತಟ್ತೀನಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ತಾಲೂಕು ಪಂಚಾಯ್ತಿಗಳಿಗೆ ಈ ವಾರ ಮಾಹಿತಿ ಹಕ್ಕು ಅರ್ಜಿ ಹಾಕ್ತಿದ್ದೇನೆ. ಎಷ್ಟು ಡಿಜಿಟಲ್ ಸಹಿ ಕೊಟ್ಟಿದ್ದೀರಿ, ಎಷ್ಟು ಆಪರೇಟರ್‌ಗಳಿಗೆ ಪ್ರತ್ಯೇಕ ಲಾಗಿನ್ ಇದೆ, ಡಾಂಗಲ್ ಬಳಕೆ ಬಗ್ಗೆ ಯಾವ ಸುತ್ತೋಲೆ ಹೊರಡಿಸಿದ್ದೀರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಿಮ್ಮ ತಾಲೂಕಿಗೆ ನೀವೂ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ದಾಟದಂತೆ ನೋಡಿಕೊಳ್ಳಿ, ಇಲ್ಲದಿದ್ರೆ ಅದೇ ನೆಪದಲ್ಲಿ ವಾಪಸ್ ಬರುತ್ತೆ.