ತೊಟ್ಟಿಲು ಈಗಲೇ ಬೇಡ, ದಾರಿ ಮಾತ್ರ ಈಗಲೇ ನೋಡಿ

ಈ ವಾರ ಬೋರ್ಡೋ ಮದ್ದಿನ ಬಗ್ಗೆ ಬರೀತೀನಿ ಅಂದಿದ್ದೆ. ಮೈಲುತುತ್ತು, ಸುಣ್ಣ ತಂದಿಟ್ಟಾಗಿದೆ, ಮದ್ದು ಹೊಡೆಯೋರಿಗೂ ಹೇಳಿಯಾಗಿದೆ. ಅದರ ಬದಲು ಇವತ್ತು ಬೇರೆ ವಿಷಯ ಬರೀತಿದ್ದೇನೆ. ಮದ್ದಿಗೂ ಇದಕ್ಕೂ ಸಂಬಂಧ ಇದೆ, ಓದ್ತಾ ಹೋದ್ರೆ ಗೊತ್ತಾಗುತ್ತೆ.

ಮೊನ್ನೆ ಇಲ್ಲೇ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಆ ಮನೆ ಸೊಸೆಗೆ ಎಂಟು ತಿಂಗಳು ತುಂಬಿದೆ. ಡಾಕ್ಟರು ಜೂನ್ ಎರಡನೇ ವಾರದ ದಿನ ಕೊಟ್ಟಿದ್ದಾರಂತೆ. "ಪೇಟೆ ಕಡೆ ಯಾವಾಗ ಹೋಗ್ತೀರಿ, ಗಾಡಿ ಯಾರದ್ದು?" ಅಂತ ಕೇಳಿದೆ. ಮನೆಯ ಹಿರಿಯರಿಗೆ ಅದು ಇಷ್ಟ ಆಗಲಿಲ್ಲ. "ಈಗಲೇ ಅದೆಲ್ಲ ಮಾತಾಡಬಾರ್ದು. ಹೊತ್ತು ಬಂದಾಗ ನೋಡಿದ್ರಾಯ್ತು" ಅಂದ್ರು. ಯಾರ ಮನೆ ಅಂತ ಹೇಳೋದಿಲ್ಲ, ಅವರ ಮೇಲೆ ದೂರೂ ಇಲ್ಲ. ಐದು ವರ್ಷದ ಹಿಂದೆ ನಮ್ಮನೆಯಲ್ಲೂ ಇದೇ ಮಾತು ನಡೆದಿತ್ತು. ಆಗ ಎಂಟು ತಿಂಗಳು ತುಂಬಿದವಳು ನಾನು.

2021ರ ಮೇ ತಿಂಗಳು ನಿಮಗೆಲ್ಲ ನೆನಪಿರಬಹುದು. ಮೇ 10ರಿಂದ ಲಾಕ್‌ಡೌನ್. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು ಅಂತಿತ್ತು. ನನ್ನ ತವರು ಘಟ್ಟದ ಮೇಲೆ, ಅಲ್ಲಿ ಎಲ್ಲರಿಗೂ ಕೊರೊನಾ. ಹಾಗಾಗಿ ಇಲ್ಲೇ ಉಳಿದೆ. ಕೊಟ್ಟ ದಿನ ಜೂನ್ 12. ಇನ್ನೂ ನಾಲ್ಕು ವಾರ ಇದೆ ಅಂತ ಎಲ್ಲರೂ ನಿಶ್ಚಿಂತೆಯಾಗಿದ್ವಿ.

ಅಷ್ಟರಲ್ಲಿ ತೌಕ್ತೆ ಚಂಡಮಾರುತದ ಸುದ್ದಿ ಬಂತು. ಹವಾಮಾನ ಇಲಾಖೆಯವರು ಎರಡು ದಿನ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ರು, ಗೊತ್ತಿರಲಿಲ್ಲ ಅಂತ ನಾವು ಹೇಳೋ ಹಾಗಿಲ್ಲ. ಆ ಎರಡು ದಿನ ಮನೇಲಿ ಯಾರೂ ಸುಮ್ಮನೆ ಕೂತಿರಲಿಲ್ಲ. ಅಂಗಳದಲ್ಲಿದ್ದ ಕೊನೇ ಚಾಲಿಯನ್ನ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ್ವಿ. ಬಾಳೆಗೆ ಊರುಗೋಲು ಕೊಟ್ವಿ. ಹುಲ್ಲಿನ ಗೊಣಬೆಗೆ ಟಾರ್ಪಾಲು ಬಿಗಿದ್ವಿ. ಹಟ್ಟಿಯ ಒಂದು ಮೂಲೆ ಶೀಟು ಸಡಿಲ ಇತ್ತು, ಗಬ್ಬದ ದನ ಅಲ್ಲೇ ಕಟ್ಟೋದು, ಅದನ್ನ ಬಿಚ್ಚಿ ಈಚೆ ಕಟ್ಟಿದ್ವಿ. ಗಬ್ಬದ ದನದ ಜಾಗ ಬದಲಾಯಿಸೋಕೆ ಎಲ್ಲರಿಗೂ ನೆನಪಾಯ್ತು. ನನ್ನ ಜಾಗ ಬದಲಾಯಿಸಬೇಕು ಅಂತ ಯಾರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ಮೇ 15, ಶನಿವಾರ. ಗಾಳಿ ಶುರುವಾಗಿ ಕರೆಂಟು ಹೋಯ್ತು, ಸಂಜೆಗೆ ಫೋನಿನ ನೆಟ್‌ವರ್ಕೂ ಹೋಯ್ತು. ನಮ್ಮ ದಾರಿಗೆ ಅಡ್ಡ ಒಂದು ಹಲಸಿನ ಮರ ಬಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ನನಗೆ ಹೊಟ್ಟೆನೋವು ಶುರುವಾಯ್ತು, ಹತ್ತು ಹತ್ತು ನಿಮಿಷಕ್ಕೊಂದು ಸಲ ಬರ್ತಿತ್ತು. ಇವರು ಟಾರ್ಚು ಹಿಡಿದು ತೋಡಿನ ತನಕ ಹೋಗಿ ಬಂದ್ರು. ಜೀಪಿರೋ ಮನೆ ತೋಡಿನ ಆಚೆ. ನೀರು ಕಾಲುಸಂಕದ ಮಟ್ಟಕ್ಕೆ ಬಂದಿತ್ತು. ಇವರೊಬ್ಬರು ಹೇಗೋ ದಾಟಬಹುದಿತ್ತು, ನನ್ನನ್ನ ದಾಟಿಸೋ ಹಾಗಿರಲಿಲ್ಲ. ದಾಟಿದ್ರೂ ಮುಂದೆ ಹಲಸಿನ ಮರ. 108ಕ್ಕೆ ಫೋನ್ ಮಾಡೋಣ ಅಂದ್ರೆ ಫೋನೇ ಇಲ್ಲ.

ನಾಲ್ಕು ಗಂಟೆ ಹೊತ್ತು ಹಾಗೇ ಕಳೀತು. ಅತ್ತೆ ದೇವರ ಮುಂದೆ ಕಾಯಿ ತೆಗೆದಿಟ್ರು, ಆಮೇಲೆ ಬಂದು ಸೊಂಟ ಉಜ್ಜಿದ್ರು. ಯಾರೂ ಹೆಚ್ಚು ಮಾತಾಡಲಿಲ್ಲ. ಮೂರು ಗಂಟೆಗೆ ನೋವು ತನ್ನಷ್ಟಕ್ಕೇ ಕಡಿಮೆಯಾಯ್ತು. ಬೆಳಗ್ಗೆ ಅಕ್ಕಪಕ್ಕದವರು ಸೇರಿ ಮರ ಕಡಿದ್ರು, ನೀರಿಳಿದ ಮೇಲೆ ಜೀಪಲ್ಲಿ ಆಸ್ಪತ್ರೆಗೆ ಹೋದ್ವಿ. ಸುಳ್ಳು ನೋವು, ಮಗು ಚೆನ್ನಾಗಿದೆ ಅಂದ್ರು. ಜೊತೆಗೆ ಡಾಕ್ಟರು ಒಂದು ಮಾತು ಹೇಳಿದ್ರು: "ಇನ್ನು ಮೇಲೆ ಅಷ್ಟು ದೂರ ಇರಬೇಡಿ." ಅದಾಗಿ ಒಂದು ವಾರಕ್ಕೆ ಕುಂದಾಪುರದಲ್ಲಿ ನೆಂಟರ ಮನೆಯ ಒಂದು ಕೋಣೆಗೆ ಹೋಗಿ ಕೂತೆ. ಜೂನ್ 6ಕ್ಕೆ ಮಗಳು ಹುಟ್ಟಿದ್ಲು.

ಆ ದಿನದ ಮಳೆ ಲೆಕ್ಕ ಆಮೇಲೆ ನೋಡಿದೆ. ನಮ್ಮ ಕಡೆಯ ನಾಡದಲ್ಲಿ ಒಂದೇ ದಿನಕ್ಕೆ 385 ಮಿಲಿಮೀಟರ್. ಹವಾಮಾನ ಇಲಾಖೆಯವರು 204 ದಾಟಿದ್ರೇ ಅತಿ ಭಾರಿ ಮಳೆಯ ಕೊನೇ ಮೆಟ್ಟಿಲು ಅಂತಾರೆ. ಇನ್ನೊಂದು ಗಮನಿಸಿ, ಆ ಚಂಡಮಾರುತ ನಮ್ಮ ಕರಾವಳಿಗೆ ಅಪ್ಪಳಿಸಲೇ ಇಲ್ಲ. ಸಮುದ್ರದಲ್ಲೇ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿಗೆ ಹೋಗಿ ಬಿತ್ತು. ದೂರದಿಂದ ಹಾದು ಹೋಗಿದ್ದಕ್ಕೇ ಇಷ್ಟಾಯ್ತು.

"ಎಲ್ಲ ಒಳ್ಳೇದೇ ಆಯ್ತಲ್ಲ, ಮತ್ಯಾಕೆ ಹೇಳ್ತೀರಿ" ಅಂತ ಕೇಳಬಹುದು. ಒಳ್ಳೇದಾಗಿದ್ದು ನಾವು ಮಾಡಿದ್ದರಿಂದ ಅಲ್ಲ. ನೋವು ಸುಳ್ಳಾಗಿತ್ತು, ಅಷ್ಟೇ. ನಿಜದ್ದಾಗಿದ್ರೆ? ಈ ಪ್ರಶ್ನೆಗೆ ಆ ರಾತ್ರಿ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈಗ ಹಿರಿಯರ ಮಾತಿಗೆ ಬರ್ತೀನಿ. ಹುಟ್ಟೋ ಮುಂಚೆ ತೊಟ್ಟಿಲು ತರಬಾರ್ದು, ಬಟ್ಟೆ ಹೊಲಿಸಬಾರ್ದು, ಹೆಸರು ಯೋಚಿಸಬಾರ್ದು ಅನ್ನೋದನ್ನ ನಾನು ಮೂಢನಂಬಿಕೆ ಅಂತ ನಗೋದಿಲ್ಲ. ಮೊದಲು ನಗ್ತಿದ್ದೆ. ಅವರ ಕಾಲದಲ್ಲಿ ಹುಟ್ಟಿದ್ದೆಲ್ಲ ಉಳೀತಿರಲಿಲ್ಲ. ತಂದಿಟ್ಟ ತೊಟ್ಟಿಲು ಖಾಲಿ ಉಳಿದ್ರೆ ಅದನ್ನ ನೋಡೋರ ಪಾಡು ಏನು? ಆ ಭಯದಿಂದ ಹುಟ್ಟಿದ ಮಾತು ಅದು. ಇರಲಿ, ತೊಟ್ಟಿಲು ಹನ್ನೆರಡನೇ ದಿನಕ್ಕೆ ತಂದ್ರೂ ನಡೆಯುತ್ತೆ.

ಹಾಗಂತ ಅವರು ಏನೂ ತಯಾರಿ ಮಾಡ್ತಿರಲಿಲ್ವಾ? ನಮ್ಮತ್ತೆಯನ್ನೇ ನೋಡಿ. ತೊಟ್ಟಿಲಿನ ಮಾತೆತ್ತಿದ್ರೆ ಗದರಿಸ್ತಿದ್ದವರು ಏಪ್ರಿಲ್‌ನಲ್ಲೇ ಬಾಣಂತಿ ನೀರಿಗೆ ಅಂತ ಬೇರೆ ಕಟ್ಟಿಗೆ ಒಣಗಿಸಿ ಬಚ್ಚಲ ಪಕ್ಕ ಪೇರಿಸಿಟ್ಟಿದ್ರು. ಹಳೇ ಹತ್ತಿ ಸೀರೆಗಳನ್ನ ಕುದಿಸಿ ಒಣಗಿಸಿ ಮಡಚಿಟ್ಟಿದ್ರು. ಬಾಣಂತಿ ಲೇಹ್ಯಕ್ಕೆ ಓಮ, ಒಣಶುಂಠಿ ಡಬ್ಬಿಯಲ್ಲಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಮಾಡಿಟ್ಟಿದ್ರು. ನಾನು ಕೇಳ್ತಿರೋದು ಇಷ್ಟೇ, ಆ ಕಟ್ಟಿಗೆ ಜೊತೆ ಇನ್ನೊಂದು ಸೇರಿಸಿ: ಆಸ್ಪತ್ರೆಗೆ ಹೋಗೋ ದಾರಿ. ಅದು ಮಗುವಿಗೆ ದೃಷ್ಟಿ ಆಗೋ ವಸ್ತು ಅಲ್ಲ. ತಾಯಿಯ ಜೀವಕ್ಕೆ ಬೇಕಾದದ್ದು.

ಕೊಳೆ ಮದ್ದಿನ ಲೆಕ್ಕ ನಮಗೆಲ್ಲ ಬಾಯಿಪಾಠ. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯೋ ಮುಂಚೆ ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ. ಮೊದಲೇ ಮದ್ದು ಹೊಡೆದ್ರೆ ಕೊಳೆರೋಗವನ್ನ ಕರೆದ ಹಾಗೆ ಅಂತ ಯಾರಾದ್ರೂ ಹೇಳ್ತಾರಾ? ಇಲ್ಲ. ಕೊಳೆ ಬಂದ ಮೇಲೆ ಹೊಡೆದ್ರೆ ದಂಡ ಅಂತ ಎಲ್ಲರಿಗೂ ಗೊತ್ತು. ಹೋದ ವರ್ಷ, 2025ರಲ್ಲಿ, ಜೂನ್ 1ಕ್ಕೆ ಬರಬೇಕಾದ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. ಮೇ ಕೊನೆಗೆ ಹೊಡೆದ್ರಾಯ್ತು ಅಂತಿದ್ದ ನಾವು ಮದ್ದು ಕಲಸಿಟ್ಟು ಆಕಾಶ ನೋಡ್ತಾ ಕೂತಿದ್ವಿ.

ಮಗು ಬರೋದೂ ಹಾಗೇ. ಡಾಕ್ಟರು ಕೊಡೋ ದಿನ ಅಂದ್ರೆ ಕೊನೇ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳೋ ಅಂದಾಜು. ಸರಿಯಾಗಿ ಅದೇ ದಿನ ಹುಟ್ಟೋ ಮಕ್ಕಳು ತೀರಾ ಕಡಿಮೆ. 37 ವಾರ ತುಂಬಿದ ಮೇಲೆ ಯಾವತ್ತೂ ಬರಬಹುದು, ಕೆಲವು ಅದಕ್ಕೂ ಮುಂಚೆ ಬರ್ತವೆ. ಮಳೆಯ ದಿನವೂ ಅಂದಾಜು, ಹೆರಿಗೆಯ ದಿನವೂ ಅಂದಾಜು. ಎರಡು ಅಂದಾಜು ನಂಬಿಕೊಂಡು "ಹೊತ್ತು ಬಂದಾಗ ನೋಡೋಣ" ಅನ್ನೋದು ಹೇಗೆ?

ಒಡಿಶಾದವರು ಇದನ್ನ ನಮಗಿಂತ ಮೊದಲೇ ಕಲಿತಿದ್ದಾರೆ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸಾವಿರಾರು ಜನ ಸತ್ರು. ಈಗ ಚಂಡಮಾರುತ ಬರೋ ಸೂಚನೆ ಸಿಕ್ಕಿದ ಕೂಡಲೇ ಹೆರಿಗೆ ಹತ್ತಿರ ಇರೋ ಹೆಂಗಸರ ಪಟ್ಟಿ ತೆಗೆದು, ಅವರನ್ನ ಮೊದಲೇ ಆಸ್ಪತ್ರೆ, ಆರೋಗ್ಯ ಕೇಂದ್ರಗಳಿಗೆ ಸೇರಿಸ್ತಾರೆ. 2024ರ ಅಕ್ಟೋಬರ್‌ನಲ್ಲಿ ದಾನಾ ಚಂಡಮಾರುತ ಬಂದಾಗ ಹೀಗೆ 4,431 ಗರ್ಭಿಣಿಯರನ್ನ ಸಾಗಿಸಿದ್ರು, ಅವರಲ್ಲಿ 1,600 ಜನರಿಗೆ ಅಲ್ಲೇ ಹೆರಿಗೆ ಆಯ್ತು ಅಂತ ಅಲ್ಲಿನ ಮುಖ್ಯಮಂತ್ರಿಗಳೇ ಹೇಳಿದ್ರು. ಆ 1,600 ಜನ ಮನೆಯಲ್ಲೇ ಉಳಿದಿದ್ರೆ ಗಾಳಿಮಳೆಯಲ್ಲಿ ಏನು ಮಾಡಬೇಕಿತ್ತು, ಯೋಚನೆ ಮಾಡಿ.

ನಮ್ಮಲ್ಲಿ ಪಟ್ಟಿ ಇಲ್ವಾ? ಇದೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಪ್ರತಿ ಬಸುರಿಯ ಹೆಸರು, ದಿನ ಎಲ್ಲ ಇದೆ. ಆ ಪುಸ್ತಕಕ್ಕೂ ಊರಿನ ಜೀಪಿಗೂ, ಮರ ಕೊಯ್ಯೋ ಮಿಷನ್ನಿಗೂ ಸಂಬಂಧ ಇಲ್ಲ, ಕೊರತೆ ಅಲ್ಲಿರೋದು. ಮೇ ತಿಂಗಳಲ್ಲಿ ಒಂದು ದಿನ ನಾವು ಹತ್ತು ಮನೆಯವರು ಕೂತು ಮಾತಾಡಿದ್ರೆ ಸಾಕು. ಜೂನ್, ಜುಲೈ, ಆಗಸ್ಟ್‌ನಲ್ಲಿ ಯಾರ ಮನೆಯಲ್ಲಿ ಹೆರಿಗೆ ಇದೆ, ಜೀಪು ಯಾರದ್ದು, ಮಿಷನ್ ಯಾರ ಹತ್ತಿರ, ಯಾವ ಸಂಕ ಈ ಮಳೆಗೆ ನಿಲ್ಲುತ್ತೆ, ಯಾವುದು ನಿಲ್ಲೋದಿಲ್ಲ. ದಾರಿಗೆ ಬಾಗಿರೋ ಕೊಂಬೆಗಳನ್ನ ಅಡಿಕೆ ಮರ ಸವರೋ ಜನ ಬಂದಾಗಲೇ ಸವರಿಸಬಹುದು. ಹೆಸರು ಹೇಳೋಕೆ ಸಂಕೋಚ ಅನ್ನೋ ಮನೆಯವರು ಹೇಳೋದು ಬೇಡ. ಪಕ್ಕದ ಮನೆಯವರೊಬ್ಬರಿಗೆ ಗೊತ್ತಿದ್ರೆ ಸಾಕು.

ಮನೆಯವರು ಮಾಡಬೇಕಾದ್ದು:

ತೋಡು, ಹೊಳೆ ದಾಟಿ ಹೋಗಬೇಕಾದ ಮನೆಯಾದ್ರೆ ಕೊಟ್ಟ ದಿನಕ್ಕಿಂತ ಮೂರು ವಾರ ಮುಂಚೆಯೇ ಆಸ್ಪತ್ರೆ ಹತ್ತಿರ ಹೋಗಿಬಿಡಿ. ಯಾವ ನೆಂಟರ ಮನೆ ಅಂತ ಈಗಲೇ ಮಾತಾಡಿ. ಮೊದಲ ಹೆರಿಗೆಯಲ್ಲಿ ತೊಂದರೆ ಆಗಿದ್ರೆ, ಬಿಪಿ ಇದ್ರೆ, ಅವಳಿ ಇದ್ರೆ ಎಷ್ಟು ಮುಂಚೆ ಹೋಗಬೇಕು ಅಂತ ಡಾಕ್ಟರನ್ನೇ ಕೇಳಿ.

ತಾಯಿ ಕಾರ್ಡ್, ಸ್ಕ್ಯಾನಿಂಗ್ ಚೀಟಿ, ಆಧಾರ್, ಒಂದಿಷ್ಟು ನಗದು, ಒಣ ಬಟ್ಟೆ, ಟಾರ್ಚು ಇಷ್ಟನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರ ಇಡಿ. ಕರೆಂಟು ಇಲ್ಲದಾಗ ಯುಪಿಐ ನಡೆಯೋದಿಲ್ಲ.

ರಕ್ತದ ಗುಂಪು ತಿಳಿದಿರಲಿ. ನೆಗೆಟಿವ್ ಆದ್ರೆ ರಕ್ತ ಕೊಡೋರನ್ನ ಮೊದಲೇ ಹುಡುಕಿಡಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದ್ರೆ ಹೆರಿಗೆಯಾಗಿ 72 ಗಂಟೆಯೊಳಗೆ ತಾಯಿಗೆ ಕೊಡಬೇಕಾದ ಇಂಜೆಕ್ಷನ್ ಒಂದಿದೆ.

ರಕ್ತ ಹೋದ್ರೆ, ನೀರು ಹೋದ್ರೆ, ಜೋರು ತಲೆನೋವು ಬಂದು ಕಣ್ಣು ಮಂಜಾದ್ರೆ, ಮಗುವಿನ ಅಲುಗಾಟ ಕಡಿಮೆಯಾದ್ರೆ ಮಳೆ ನಿಲ್ಲಲಿ ಅಂತ ಕಾಯಬೇಡಿ. 108 ಸಿಗದಿದ್ರೆ 112, ಅಥವಾ ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮ್ 1077. ನಂಬರ್ ಫೋನಲ್ಲಿ ಮಾತ್ರ ಇದ್ರೆ ಸಾಲದು, ಗೋಡೆ ಮೇಲೂ ಬರೆದಿಡಿ.

ಎಲ್ಲ ಮೀರಿ ಮನೆಯಲ್ಲೇ ಹುಟ್ಟಿಬಿಟ್ರೆ, ಮಗುವನ್ನ ಒಣ ಬಟ್ಟೆಯಲ್ಲಿ ಒರೆಸಿ ತಾಯಿಯ ಎದೆ ಮೇಲೆ ಮೈಗೆ ಮೈ ತಾಗೋ ಹಾಗೆ ಮಲಗಿಸಿ, ಇಬ್ಬರಿಗೂ ಹೊದೆಸಿ. ಹೊಕ್ಕುಳ ಬಳ್ಳಿ ಎಳೀಬೇಡಿ, ಮನೆಯ ಕತ್ತಿ, ಬ್ಲೇಡಿನಿಂದ ಕೊಯ್ಯಬೇಡಿ. ಗೊತ್ತಿದ್ದವರು ಬರೋ ತನಕ ಹಾಗೇ ಇರಲಿ.

ಇಷ್ಟೆಲ್ಲ ಯಾರಿಗೆ ಪುರುಸೊತ್ತು, ಮೂರು ವಾರ ಪೇಟೆಯಲ್ಲಿ ಕೂತ್ರೆ ದನ ಯಾರು ನೋಡೋದು, ಖರ್ಚು ಎಷ್ಟು ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನಮಗೂ ಆ ಎರಡು ವಾರ ಕಷ್ಟವೇ ಆಯ್ತು. ಇವರು ಎರಡು ದಿನಕ್ಕೊಮ್ಮೆ ಬರ್ತಿದ್ರು, ಲಾಕ್‌ಡೌನ್‌ನಲ್ಲಿ ದಾರಿಯುದ್ದ ಕಾರಣ ಹೇಳ್ಬೇಕು. ಹಾಲು ಕರೆಯೋಕೆ ಪಕ್ಕದ ಮನೆಯವರು ಬರ್ತಿದ್ರು. ಆ ಋಣ ಇನ್ನೂ ಇದೆ. ಅದಕ್ಕೇ ಇದು ಒಂದು ಮನೆಯ ಕೆಲಸ ಅಲ್ಲ, ಹತ್ತು ಮನೆ ಕೂತು ಮಾತಾಡಿ ಅಂತಿರೋದು.

"ನಮ್ಮ ಕಾಲದಲ್ಲಿ ಮಳೆಗಾಲದಲ್ಲಿ ಮನೆಯಲ್ಲೇ ಹೆತ್ತಿಲ್ವಾ?" ಅಂತಲೂ ಹಿರಿಯರು ಕೇಳ್ತಾರೆ. ಹೆತ್ತಿದ್ದಾರೆ. ನಮ್ಮನೆಯಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಹಾಕುವಾಗ ಒಂದು ಎಲೆ ಹೆಚ್ಚಿಗೆ ಹಾಕ್ತೇವೆ, ಸೀರೆ, ಬಳೆ, ಹೂವಿಟ್ಟು. ಇವರ ಅಜ್ಜನ ಮೊದಲ ಹೆಂಡತಿಗೆ ಅದು. ಆಟಿ ತಿಂಗಳಲ್ಲಿ ಹೆರಿಗೆ ಕಷ್ಟವಾಗಿ, ತೋಡು ತುಂಬಿ, ದಾಟಿಸೋಕೆ ಆಗದೆ ಹೋದವರು. ಇದೇ ತೋಡು. ಮೇ 15ರ ರಾತ್ರಿ ಅತ್ತೆ ಮಾತಾಡದೆ ಕೂತಿದ್ದು ಯಾಕೆ ಅಂತ ನನಗೆ ಆ ವರ್ಷ ಎಡೆ ಹಾಕುವಾಗ ಗೊತ್ತಾಯ್ತು.

ನಾಳೆ ಬೆಳಗ್ಗೆ ಮತ್ತೆ ಆ ಮನೆಗೆ ಹೋಗ್ತಿದ್ದೇನೆ, ಅತ್ತೆಯೂ ಬರ್ತೀನಿ ಅಂದಿದ್ದಾರೆ. ತೊಟ್ಟಿಲಿನ ಮಾತು ಎತ್ತೋದಿಲ್ಲ. ಜೀಪಿನ ಮಾತು ಮಾತ್ರ ಆಡ್ತೀವಿ. ನಿಮ್ಮ ಪಕ್ಕದಲ್ಲೂ ಅಂಥ ಮನೆ ಇದ್ರೆ ಮದ್ದು ಹೊಡೆಯೋ ಮುಂಚೆ ಒಂದು ಸಲ ಹೋಗಿ ಬನ್ನಿ.